ಫ್ಲಮೀನಿಯಾ ರಸ್ತೆಯಲ್ಲಿ ಎರ್ಮೀನಿಯಾ

ಜೂನ್ 28, 1996, ಶುಕ್ರವಾರ. ಫಾನೊ

ಅಲಮಾರಿನ ಮೇಲಿದ್ದ ಗುಡಾರ ಇಳಿಸಲು ಹೋದ ನನ್ನ ಹೆಂಡತಿ ಒರ್ನೆಲ್ಲಾ, ಗುಡಾರದ ಜೊತೆಗೆ ತಾನೂ ಇಳಿದಳು. ಎಡಗಾಲಿಗೆ ಪ್ಲಾಸ್ಟರ್, ಆರು ವಾರ. ಗುಡಾರಕ್ಕೆ ಏನೂ ಆಗಿಲ್ಲ. ಈ ಮಾತನ್ನು ಆಸ್ಪತ್ರೆಯಲ್ಲೇ ಹೇಳಿಬಿಟ್ಟದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತಿದೆ.

ಹನ್ನೆರಡು ವರ್ಷ ಯೋಚಿಸಿ ಯೋಚಿಸಿ ಗೊತ್ತುಮಾಡಿದ ಪ್ರವಾಸ ಇದು. ರೋಮನರ ಫ್ಲಮೀನಿಯಾ ರಸ್ತೆ ಬಂದು ಸಮುದ್ರ ಮುಟ್ಟುವುದು ನಮ್ಮ ಊರಿನಲ್ಲಿ. ನಾವಿಬ್ಬರೂ ಇಲ್ಲಿಂದ ಅದೇ ರಸ್ತೆ ಹಿಡಿದು, ಹಳೆಯ ಊರುಗಳನ್ನು ನೋಡುತ್ತ, ರೋಮನ್ ಸೈನಿಕರ ಹಾಗೆ ದಿನಕ್ಕೊಂದು ಕಡೆ ಗುಡಾರ ಹಾಕುತ್ತ ಹೋಗಬೇಕು ಎಂದಿತ್ತು. ಮಾಧ್ಯಮಿಕ ಶಾಲೆಯಲ್ಲಿ ಇತಿಹಾಸ ಹೇಳಿಕೊಡುವವನಿಗೆ ಬೇರೆ ಚಟ ಏನಿರುತ್ತದೆ?

"ಬಿಡು, ಮುಂದಿನ ವರ್ಷ ಹೋಗೋಣ" ಎಂದೆ.

"ಬೇಡಪ್ಪ, ನೀನು ಹೋಗು. ಆರು ವಾರ ನೀನು ಮನೇಲಿ ಕೂತ್ರೆ ನನ್ನ ಇನ್ನೊಂದು ಕಾಲೂ ಹೋಗುತ್ತೆ. ಅಮ್ಮನ್ನ ಕರ್ಕೊಂಡು ಹೋಗು."

ನಗೆಯಾಡುತ್ತಿದ್ದಾಳೆ ಅಂದುಕೊಂಡೆ. ಅಲ್ಲ. ಒರ್ನೆಲ್ಲಾಳ ತಾಯಿ, ನಾನು ಇಂದಿಗೂ ಮೇಡಂ ಅನ್ನುವ ಹಾಗೆ 'ಸಿನ್ಯೋರಾ' ಎಂದೇ ಕರೆಯುವ ಎರ್ಮೀನಿಯಾ, ವಯಸ್ಸು ಎಪ್ಪತ್ತಾರು. ಬಂದರಿನಿಂದ ಬೆಟ್ಟದ ಊರುಗಳಿಗೆ ಮೂವತ್ತು ವರ್ಷ ವ್ಯಾನಿನಲ್ಲಿ ಮೀನು ಮಾರಿದ ಹೆಂಗಸು. ಈಗಲೂ ಸ್ವಂತ ಕಾರು ಓಡಿಸುತ್ತಾರೆ. ಕಳೆದ ಫೆಬ್ರವರಿಯಲ್ಲಿ ಅದನ್ನು ಪತ್ರಿಕೆ ಅಂಗಡಿಯೊಳಕ್ಕೇ ಓಡಿಸಿದರು. ತಪ್ಪು ಅಂಗಡಿಯದಂತೆ. ಜುಲೈ ಹದಿನೈದಕ್ಕೆ ಅವರ ಲೈಸೆನ್ಸ್ ನವೀಕರಣ.

"ಊರು ಬಿಟ್ಟು ದೂರ ಇರ್ತೀರಲ್ಲ, ಸಮಾಧಾನವಾಗಿ ಹೇಳು. ಇನ್ನು ಕಾರು ಸಾಕು ಅಂತ" ಎಂದಳು ಒರ್ನೆಲ್ಲಾ.

"ನೀನೇ ಹೇಳಬಾರದಾ?"

"ನಾನು ಹೇಳಿದ್ರೆ ಮಗಳು ಹೇಳಿದ ಹಾಗಾಗುತ್ತೆ, ಜಗಳಕ್ಕೆ ಬರ್ತಾಳೆ. ನೀನು ಹೇಳಿದ್ರೆ ಯಾರೋ ಹೇಳಿದ ಹಾಗಾಗುತ್ತೆ."

ಮದುವೆಯಾಗಿ ಇಪ್ಪತ್ತಾರು ವರ್ಷ. ಯಾರೋ!

ಜೂನ್ 29, ಶನಿವಾರ. ಫುರ್ಲೊ ಕಣಿವೆ

ಒರ್ನೆಲ್ಲಾಳ ತಾಯಿಯ ಸಾಮಾನು: ಒಂದು ಪೆಟ್ಟಿಗೆ, ಕಾಫಿ ಪಾತ್ರೆ, ಕಬ್ಬಿಣದ ಬಾಣಲೆ, ಅರ್ಧ ಚಕ್ರದಷ್ಟು ಚೀಸು, ಕಾಫಿಗೆ ಹನಿಸಿಕೊಳ್ಳಲು ರಮ್ಮು ತುಂಬಿದ ಬಾಟಲಿ ಮತ್ತು ಒಂದು ಕುರ್ಚಿ. ಮಡಚುವ ಕುರ್ಚಿಯಲ್ಲ, ಅಡಿಗೆಮನೆಯ ಕುರ್ಚಿ. ನನ್ನ ಪುಸ್ತಕದ ಪೆಟ್ಟಿಗೆ ಇಳಿಸಿ ಆ ಕುರ್ಚಿಗೆ ಜಾಗ ಮಾಡಬೇಕಾಯಿತು.

ಬಂಡೆ ಕೊರೆದು ಮಾಡಿದ ರೋಮನ್ ಸುರಂಗದ ಬಾಯಲ್ಲಿ ಕಾರು ನಿಲ್ಲಿಸಿ, ಮೇಲೆ ಕೆತ್ತಿದ ಲ್ಯಾಟಿನ್ ಅಕ್ಷರಗಳನ್ನು ಓದಿ ಹೇಳಿದೆ. "ಇದನ್ನ ಕೊರೆಸಿದ್ದು ವೆಸ್ಪಾಸಿಯಾನೊ ಚಕ್ರವರ್ತಿ, ಸಿನ್ಯೋರಾ. ಸಾವಿರದ ಒಂಬೈನೂರು ವರ್ಷ ಆಯ್ತು."

"ಗೊತ್ತು ಮೇಷ್ಟ್ರೇ. ಎರಡು ಗೇಣು ಅಗಲ ಮಾಡಿದ್ರೆ ಅವನ ಗಂಟೇನು ಹೋಗ್ತಿತ್ತು? ಇದರೊಳಗೆ ನನ್ನ ವ್ಯಾನಿನ ಕನ್ನಡಿ ಎರಡು ಸಲ ಹಾರಿಹೋಗಿದೆ."

ಗುಡಾರ ಹಾಕುವ ಕ್ರಮವನ್ನು ನಾನು ಪುಸ್ತಿಕೆಯಿಂದ ಗಟ್ಟಿಯಾಗಿ ಓದುತ್ತಿದ್ದೆ. ಏಳನೆಯ ಸೂಚನೆಗೆ ಬರುವಷ್ಟರಲ್ಲಿ ಗುಡಾರ ಎದ್ದು ನಿಂತಿತ್ತು. ಬಲೆ ಕಟ್ಟುವ ಗಂಟು ಹಾಕಿದ್ದಾರೆ, ನಾಳೆ ಬಿಚ್ಚುವುದು ಹೇಗೋ. ಒಳಗೆ ಎರಡು ಕೋಣೆ, ನಡುವೆ ಒಂದು ಬಟ್ಟೆ. ಬಟ್ಟೆಯಾಚೆಯಿಂದ ಈಗಷ್ಟೇ ದನಿ ಬಂತು: "ಮೇಷ್ಟ್ರೇ, ಬರೆಯೋ ಸದ್ದಿಗೆ ನಿದ್ದೆ ಬರ್ತಿಲ್ಲ."

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ!

ಜೂನ್ 30, ಭಾನುವಾರ. ಕಾಲ್ಯಿ

ಇಂದು ಹೇಳಿಯೇ ತೀರಬೇಕೆಂದು ನಿರ್ಧರಿಸಿದ್ದೆ. ಊರ ಚೌಕದಲ್ಲಿ ಕಾರಂಜಿಯ ಬಳಿ ಕೂರಿಸಿ "ಸಿನ್ಯೋರಾ, ಮನುಷ್ಯನ ಬದುಕಿನಲ್ಲಿ ಕೆಲವು ಘಟ್ಟಗಳು ಬರುತ್ತವೆ" ಎಂದು ಶುರುಮಾಡಿದೆ.

"ಎರ್ಮೀನಿಯಾ!" ಮೂರನೆಯ ಮಹಡಿಯ ಕಿಟಕಿಯಿಂದ ಒಬ್ಬಾಕೆ ಕೂಗಿದಳು. "ಬದುಕಿದ್ದೀಯೇನೇ ಇನ್ನೂ? ನೀನು ಬರೋದು ಬಿಟ್ಟ ಮೇಲೆ ಈ ಊರಲ್ಲಿ ಬೆಕ್ಕುಗಳೂ ಮೀನು ಮೂಸೋದಿಲ್ಲ ಕಣೇ!"

ಅಲ್ಲಿಗೆ ಘಟ್ಟ ಮುಗಿಯಿತು. ಹತ್ತು ನಿಮಿಷದಲ್ಲಿ ಚೌಕದ ತುಂಬ ಮುದುಕಿಯರು. ಹನ್ನೆರಡಕ್ಕೆ ಕೋಟೆ ಬುರುಜು ನೋಡಬೇಕಿತ್ತು, ಸಂಜೆ ಐದರವರೆಗೆ ಯಾರದೋ ಮನೆಯಲ್ಲಿ ಊಟ ಮಾಡಿದೆವು. ಎಲ್ಲರೂ ನನ್ನ ಗುರುತು ಕೇಳಿದರು. "ಒರ್ನೆಲ್ಲಾನ ಮೇಷ್ಟ್ರು" ಎಂದು ಎರ್ಮೀನಿಯಾ ಪರಿಚಯಿಸಿದರು. ಹೆಂಡತಿಗೆ ನಾನು ಮನೆಪಾಠ ಹೇಳುತ್ತೇನೆಂದು ಅವರೆಲ್ಲ ತಿಳಿದಿರಬೇಕು.

ಬಾರಿನ ಫೋನಿನಿಂದ ಮನೆಗೆ ಮಾತಾಡಿದೆ.

"ಹೇಳಿದೆಯಾ?"

"ವಾತಾವರಣ ಸಿದ್ಧ ಮಾಡ್ತಿದ್ದೀನಿ."

"ಇಪ್ಪತ್ತಾರು ವರ್ಷದಿಂದ ನೀನು ಅದನ್ನೇ ಮಾಡ್ತಿದ್ದೀಯ" ಎಂದು ಫೋನಿಟ್ಟಳು.

ಜುಲೈ 1, ಸೋಮವಾರ. ಗುಬ್ಬಿಯೊ

ಮಳೆ. ಹೇಳಲಿಲ್ಲ.

ಜುಲೈ 2, ಮಂಗಳವಾರ. ಗುಬ್ಬಿಯೊ

ಕನ್ನಡಕ ಹೋಯಿತು. ಬೆಳಿಗ್ಗೆ ಕಾಫಿ ಮಾಡಲು ಎದ್ದ ಎರ್ಮೀನಿಯಾ ಅದರ ಮೇಲೆ ಪೂರ್ಣ ಪಾದ ಊರಿದರು. ಎಡಗಾಜು ಪುಡಿಪುಡಿ, ಚೌಕಟ್ಟು ಮೂರು ತುಂಡು. ಬಲಗಾಜೊಂದು ಉಳಿದಿದೆ.

"ದಾರೀಲಿ ಇಡ್ತಾರಾ ಯಾರಾದ್ರೂ?" ಎಂದರು.

"ದಾರಿಯಲ್ಲ ಸಿನ್ಯೋರಾ, ನನ್ನ ದಿಂಬು."

ನನ್ನ ಕಣ್ಣಿನ ನಂಬರು ಕೇಳಿ ಊರಿನ ಕನ್ನಡಕದವನು ಮೊದಲು ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ಹತ್ತು ದಿನ ಆಗುತ್ತದೆ ಎಂದ. ಉಳಿದ ಗಾಜನ್ನು ಬೆರಳಲ್ಲಿ ಹಿಡಿದು ಬಲಗಣ್ಣಿಗೆ ಒತ್ತಿಕೊಂಡರೆ, ವಜ್ರ ನೋಡುವ ಅಕ್ಕಸಾಲಿಗನ ಹಾಗೆ, ಸಾಕಷ್ಟು ಕಾಣುತ್ತದೆ. ಆದರೆ ಒಂದು ಕೈಯಲ್ಲಿ ಗಾಜು ಹಿಡಿದು ಕಾರು ಓಡಿಸುವುದು ಹೇಗೆ? ಪ್ರವಾಸ ಮುಗಿಯಿತು, ರೈಲಿನಲ್ಲಿ ವಾಪಸು ಎಂದೆ.

ಎರ್ಮೀನಿಯಾ ಕೈ ಚಾಚಿದರು. "ಕೀಲಿಕೈ ಕೊಡಿ ಮೇಷ್ಟ್ರೇ."

ಯಾವ ಹೆಂಗಸಿನಿಂದ ಕಾರು ಬಿಡಿಸಲೆಂದು ಬಂದೆನೋ ಅವರ ಕೈಗೇ ನನ್ನ ಕಾರಿನ ಕೀಲಿಕೈ ಕೊಟ್ಟೆ. ಬೇಡ ಅನ್ನಬಹುದಿತ್ತು. ಆದರೆ ರೈಲು ಹತ್ತಿದ್ದರೆ ಬೆವಾನ್ಯದ ರೋಮನ್ ಸ್ನಾನಗೃಹ ತಪ್ಪಿಹೋಗುತ್ತಿತ್ತು. ಮನುಷ್ಯನ ನೀತಿ ಇಷ್ಟೇ.

ಅವರು ಕಾರು ಓಡಿಸುವುದಿಲ್ಲ, ಎಸೆಯುತ್ತಾರೆ. ಗುಡಾರಕ್ಕೆ ಹಿಂತಿರುಗುವ ದಾರಿಯ ಮೊದಲ ತಿರುವಿನಲ್ಲಿ ನಾನು ಕಣ್ಣು ಮುಚ್ಚಿದೆ. ಮುಚ್ಚಿದರೂ ತೆರೆದರೂ ಕಾಣುವುದು ಅಷ್ಟೇ ಎಂಬುದು ಎರಡನೆಯ ತಿರುವಿನಲ್ಲಿ ಹೊಳೆಯಿತು.

ಜುಲೈ 3, ಬುಧವಾರ. ಬೆವಾನ್ಯ

ಇವರಿಗೆ ನಕ್ಷೆ ಬೇಡ. ಯಾವ ತಿರುವಿನಲ್ಲಿ ಬಾವಿ ಇದೆ, ಯಾವ ಮನೆಯವರು ಕಾಫಿ ಕೊಡುತ್ತಾರೆ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಗೊತ್ತು. ನಾಯಿ ಸತ್ತು ಇಪ್ಪತ್ತು ವರ್ಷವಾಗಿರಬಹುದು, ಆದರೂ ಅಲ್ಲಿ ನಿಲ್ಲಿಸುವುದಿಲ್ಲ. ನನಗೆ ಮಾತ್ರ ಒಂದು ಕೆಲಸ ವಹಿಸಿದ್ದಾರೆ. "ನಿಮ್ಮ ಬಲಗಣ್ಣು ನೆಟ್ಟಗಿದೆಯಲ್ಲ, ಸುಮ್ನೆ ಕೂರಬೇಡಿ. ಬಲಗಡೆ ಏನು ಬಂದ್ರೂ ಕೂಗಿ." ಕೂಗುತ್ತ ಬಂದೆ. ಟ್ರ್ಯಾಕ್ಟರ್! ಕೋಳಿ! ಪಾದ್ರಿ! ಗೌರವವಿಲ್ಲದ ಕೆಲಸವೇನಲ್ಲ. ಹಡಗಿನ ಕಂಬದ ತುದಿಯಲ್ಲಿ ಕೂತವನದೂ ಇದೇ ಕೆಲಸ.

ಸ್ನಾನಗೃಹದ ನೆಲದ ಮೇಲೆ ಹದಿನೆಂಟು ಶತಮಾನದ ಹಿಂದೆ ಕಪ್ಪು ಬಿಳಿ ಕಲ್ಲಿನಲ್ಲಿ ಜೋಡಿಸಿದ ಸಮುದ್ರಜೀವಿಗಳಿವೆ. ನಾನು ಗಾಜು ಹಿಡಿದು ಬಗ್ಗಿ ನೋಡಿದೆ. ಎರ್ಮೀನಿಯಾ ನಿಂತಲ್ಲಿಂದಲೇ ನೋಡಿದರು.

"ಈ ಆಕ್ಟೋಪಸ್ ಬೆಂದಿದೆ."

"ಏನಂದ್ರಿ?"

"ಜೀವ ಇರೋ ಆಕ್ಟೋಪಸ್ ಕಾಲು ಹೀಗೆ ಸುರುಳಿ ಸುತ್ಕೊಳ್ಳೋಲ್ಲ. ಕುದಿಯೋ ನೀರಿಗೆ ಹಾಕಿದ ಮೇಲೆ ಸುತ್ಕೊಳ್ಳೋದು. ಇದನ್ನ ಮಾಡಿದವನು ಸಮುದ್ರ ನೋಡಿಲ್ಲ. ತಟ್ಟೆ ನೋಡಿ ಮಾಡಿದ್ದಾನೆ."

ಅಲ್ಲಿನ ಕಾವಲುಗಾರ ಬಾಯಿಬಿಟ್ಟು ನಿಂತ. ಈ ನೆಲದ ಬಗ್ಗೆ ನಾನು ಓದಿದ ನಾಲ್ಕು ಪುಸ್ತಕಗಳಲ್ಲಿ ಈ ಮಾತು ಯಾರೂ ಬರೆದಿಲ್ಲ. ಮೂರು ಸಲ ಕೇಳಿ ಬರೆದುಕೊಂಡೆ.

ಸಂಜೆ ಗುಡಾರದ ಹಿಂದೆ ಆಲಿವ್ ಮರದ ಎದುರು ನಿಂತು ತಾಲೀಮು ಮಾಡಿದೆ. "ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ..."

"ಆ ಮರಕ್ಕೆ ಕಿವಿ ಇಲ್ಲ ಮೇಷ್ಟ್ರೇ" ಎಂದು ಹಿಂದಿನಿಂದ ದನಿ. "ಏನಿದ್ರೂ ನನಗೆ ಹೇಳಿ."

"ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಅಂತ."

"ಸಾರಿನ್ನೂ ಒಲೆ ಮೇಲಿಟ್ಟೇ ಇಲ್ಲ."

ಜುಲೈ 5, ಶುಕ್ರವಾರ. ಕಾಸ್ತೆಲ್ಲೂಚೊ ಬಯಲು

ಇದು ಫ್ಲಮೀನಿಯಾ ರಸ್ತೆಯಲ್ಲೂ ಇಲ್ಲ, ನನ್ನ ಯೋಜನೆಯಲ್ಲೂ ಇಲ್ಲ. ಬೆಳಿಗ್ಗೆ ಎರ್ಮೀನಿಯಾ ಯಾರನ್ನೂ ಕೇಳದೆ ಬೆಟ್ಟದ ಕಡೆ ತಿರುಗಿಸಿದರು. ನಾನು ಒಂದು ಗಂಟೆ ಕೋಪದಿಂದ ಮಾತಾಡಲಿಲ್ಲ. ನಡುವೆ ಎರಡು ಕುರಿಮಂದೆ ಬಂದವು, ಕೂಗಿದೆ, ಮತ್ತೆ ಕೋಪ ಮುಂದುವರಿಸಿದೆ.

ಹತ್ತಿ ಬಂದ ಮೇಲೆ ಬೆಟ್ಟಗಳ ನಡುವೆ ತಟ್ಟೆಯಂಥ ಬಯಲು. ಮಸೂರ್ ಬೇಳೆಯ ಜಾತಿಯ ಸಣ್ಣ ಬೇಳೆ ಬೆಳೆಯುವ ಹೊಲಗಳಲ್ಲಿ ಈ ಎರಡು ವಾರ ಕಾಡುಹೂವು ತುಂಬಿರುತ್ತದೆ. ಒಬ್ಬ ಕುರುಬ ತನ್ನ ದೊಡ್ಡಿಯ ಪಕ್ಕ ಗುಡಾರ ಹಾಕಿಕೊಳ್ಳಿ ಎಂದ.

"ಮೂವತ್ತು ವರ್ಷದಿಂದ ಕೇಳ್ತಾನೇ ಇದ್ದೆ, ಇಲ್ಲಿ ಹೂ ನೋಡ್ಬೇಕು ಅಂತ" ಎಂದರು ಎರ್ಮೀನಿಯಾ, ಅಡಿಗೆಮನೆಯ ಕುರ್ಚಿಯನ್ನು ಹುಲ್ಲಿನ ಮೇಲೆ ಹಾಕಿಕೊಂಡು. "ಹೂ ಬಿಡೋ ಕಾಲಕ್ಕೇ ಬೂತಾಯಿ ಮೀನು ಬಲೆಗೆ ಬರ್ತಿತ್ತು. ಬೂತಾಯಿ ಕಾಯ್ತದಾ?"

ಗಾಜು ಹಿಡಿದು ಹಿಡಿದು ನನ್ನ ಕೈ ಸೋತಿತ್ತು. ಬಿಟ್ಟರೆ ಎಲ್ಲವೂ ಕಲಸಿದ ಬಣ್ಣ. ಅದನ್ನು ಕಂಡು ಅವರೇ ಹೇಳತೊಡಗಿದರು. "ಎಡಕ್ಕೆ ಉದ್ದಕ್ಕೂ ಒಂದು ಪಟ್ಟಿ, ಬಂಗಡೆ ಮೀನಿನ ಬೆನ್ನಿನ ನೀಲಿ. ಅದರ ಕೆಳಗೆ ಗಸಗಸೆ ಹೂವು, ಆಗಷ್ಟೇ ಸೀಳಿದ ಟ್ಯೂನಾದ ಕೆಂಪು. ನಡುವೆ ಬಿಳಿ, ತೊಳೆದಿಟ್ಟ ಕಪ್ಪೆಬೊಂಡಾಸ್ ಮೀನಿನ ಹಾಗೆ. ಗಾಳಿ ಬಂದಾಗ ಎಲ್ಲ ಒಟ್ಟಿಗೆ ವಾಲ್ತದೆ, ಬಲೆ ಎಳೆದ ಹಾಗೆ."

ಇಷ್ಟು ಹೊತ್ತು ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಲಗಡೆ ದೊಡ್ಡ ಹಳದಿ ಹೊಲವಿತ್ತು, ಅದರ ಮಾತೆತ್ತಲಿಲ್ಲ. ಹಳದಿ ಕಂಡರೆ ಆಗುವುದಿಲ್ಲವೇನೋ.

ಒರ್ನೆಲ್ಲಾಗೆ ಫೋನ್ ಮಾಡಲಿಲ್ಲ. ಇಲ್ಲಿ ಫೋನಿಲ್ಲ. ಇದ್ದಿದ್ದರೂ ಏನು ಹೇಳುವುದು?

ಜುಲೈ 6, ಶನಿವಾರ. ನೋರ್ಚ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಯಲಿನಿಂದ ನೋರ್ಚದ ಕಡೆ ಇಳಿಯುತ್ತಿದ್ದೆವು. ತಿರುವಿನ ಮೇಲೆ ತಿರುವು. ಬಿಸಿಲು ಚೆನ್ನಾಗಿತ್ತು, ಎರ್ಮೀನಿಯಾ ಯಾವುದೋ ಹಳೆಯ ಹಾಡು ಗುನುಗುತ್ತಿದ್ದರು. ನಾನು ಗಾಜು ಒರೆಸಿಕೊಳ್ಳಲು ಕಣ್ಣಿನಿಂದ ತೆಗೆದೆ. ಹತ್ತು ಸೆಕೆಂಡು ಇರಬಹುದು. ಮತ್ತೆ ಹಿಡಿದಾಗ ಬಲಗಡೆ, ಕಾರಿನ ಮೂತಿಗೆ ತಾಗುವಷ್ಟು ಹತ್ತಿರ, ಒಂದು ಸೈಕಲ್ಲು. ಸೈಕಲ್ಲಿನ ಮೇಲೆ ಒಬ್ಬ ದಪ್ಪ ಹೆಂಗಸು. ಕಾರು ನೇರ ಅವಳ ಮೇಲೆ ಹೋಗುತ್ತಿದೆ.

"ಅತ್ತೆ! ಬಲಗಡೆ ಸೈಕಲ್ಲು!" ಎಂದು ಕೂಗಿದೆ.

ಎರ್ಮೀನಿಯಾ ಸ್ಟಿಯರಿಂಗ್ ಎಡಕ್ಕೆ ಎಳೆದು ಬ್ರೇಕಿನ ಮೇಲೆ ನಿಂತರು. ಕಾರು ಅಡ್ಡ ತಿರುಗಿ ನಿಂತಿತು. ಸೈಕಲ್ಲು ರಸ್ತೆ ಬಿಟ್ಟು ಇಳಿದು, ಹೊಲದಲ್ಲಿ ಒಟ್ಟಿದ್ದ ಹುಲ್ಲಿನ ಮೆದೆಗೆ ನುಗ್ಗಿತು.

ನಾನು ಕಾರಿನಿಂದಿಳಿದು ಓಡಿದೆ. ಗಾಜು ಎಲ್ಲಿ ಬಿತ್ತೋ ತಿಳಿಯದು. ಮೆದೆಯ ತಳದಲ್ಲಿ ಬಿಳಿಯ ಮುಖವೊಂದು ಎದ್ದು ಕೂತಿತು. ಹತ್ತಿರ ಹೋದರೆ ಬಿಳಿಯದು ಚೀಸು. ಪೇಟೆಗೆ ಒಯ್ಯುತ್ತಿದ್ದ ಹಸಿ ಚೀಸಿನ ಬುಟ್ಟಿ ಪೂರ್ತಿ ಮುಖಕ್ಕೆ ಬಡಿದಿತ್ತು.

"ಪೆಟ್ಟಾಯ್ತಾ ಸಿನ್ಯೋರಾ?"

"ಪೆಟ್ಟಾ?" ಹೆಂಗಸು ಮುಖ ಒರೆಸಿಕೊಂಡಳು. "ನಿನ್ನ ಮನೆ ಹಾಳಾಗ! ಮೂರು ಗಂಟೆಗೆ ಎದ್ದು ಮಾಡಿದ ಚೀಸು! ಯಾವ ಕುರುಡ ಕೊಟ್ಟ ಲೈಸೆನ್ಸು ಈ ಮುದುಕಿಗೆ? ರಸ್ತೆ ಏನು ನಿಮ್ಮಜ್ಜಿ ಹಿತ್ತಿಲಾ?" ಹೀಗೆ ಐದು ನಿಮಿಷ. ಬಯ್ಗುಳ ಒಂದೂ ಎರಡನೆಯ ಸಲ ಬರಲಿಲ್ಲ. ಕೈಕಾಲು ಎಲ್ಲ ಸರಿಯಾಗಿದ್ದವು, ಅದು ಬಯ್ಯುವಾಗಲೇ ಗೊತ್ತಾಗುತ್ತಿತ್ತು. ನಾನು ಎರ್ಮೀನಿಯಾರ ಉತ್ತರಕ್ಕೆ ಕಾದೆ. ಮೀನು ಮಾರುಕಟ್ಟೆಯಲ್ಲಿ ಪಳಗಿದ ನಾಲಿಗೆ, ಈಗ ಬರುತ್ತದೆ, ಈಗ ಬರುತ್ತದೆ.

ಬರಲಿಲ್ಲ. ಅವರು ರಸ್ತೆಯಂಚಿನ ಕಲ್ಲುಗೋಡೆಯ ಮೇಲೆ ಕೂತಿದ್ದರು, ಎರಡೂ ಕೈ ತೊಡೆಯ ಮೇಲೆ. ಹಾಗೆ ಕೂತಾಗ ಅವರು ತುಂಬ ಕುಳ್ಳಗೆ ಕಂಡರು.

"ಕಾಣ್ಲಿಲ್ಲ" ಎಂದರು.

"ತಿರುವಿನಲ್ಲಿ ಯಾರಿಗೂ ಕಾಣೋಲ್ಲ ಅತ್ತೆ."

"ಸುಳ್ಳು ಹೇಳಬೇಡ. ಬಲಗಣ್ಣು ಕ್ರಿಸ್ಮಸ್‌ಗೇ ಹೋಯ್ತು. ಮೊದಲು ಹೊಗೆ ಹಾಗಿತ್ತು, ಈಗ ಅದೂ ಇಲ್ಲ. ಕಣ್ಣಿನ ಹಿಂದಿನ ನರ ಒಣಗಿದೆ, ಔಷಧಿ ಇಲ್ಲ ಅಂದ ಡಾಕ್ಟ್ರು. ಒರ್ನೆಲ್ಲಾಗೆ ಹೇಳಿಲ್ಲ. ನಿನ್ನ ಕನ್ನಡಕ ನಾನು ಬೇಕಂತ ತುಳಿದಿಲ್ಲ, ಅದೂ ಕಾಣ್ಲಿಲ್ಲ." ಮುಷ್ಟಿ ಬಿಚ್ಚಿ ಕಾರಿನ ಕೀಲಿಕೈ ನೋಡುತ್ತ, "ನವೀಕರಣಕ್ಕೆ ಹೋದ್ರೆ ಹೇಗೂ ಕೊಡೋಲ್ಲ. ಅದಕ್ಕೇ ಈಗಲೇ ಒಂದ್ಸಲ ಈ ರಸ್ತೇನ ನನ್ನ ಕೈಯಾರೆ ಓಡಿಸ್ಬೇಕು ಅಂತ ಆಸೆ ಬಂದಿತ್ತು. ನಿನ್ನ ಗಾಜು ಇದೆಯಲ್ಲ, ಸಾಕು ಅಂದ್ಕೊಂಡೆ. ಇಬ್ಬರದೂ ಸೇರಿ ಎರಡು ಕಣ್ಣಾಯ್ತಲ್ಲ ಅಂತ."

ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಆ ಹೆಂಗಸು ಸತ್ತಿದ್ರೆ?"

ಹತ್ತು ಸೆಕೆಂಡು ಗಾಜು ಒರೆಸಿದವನು ನಾನು, ಗುಬ್ಬಿಯೊದಲ್ಲಿ ಕೀಲಿಕೈ ಕೊಟ್ಟವನೂ ನಾನು. ಪಕ್ಕದಲ್ಲಿ ಕೂತೆ. ಇಬ್ಬರೂ ಎದುರಿನ ಬೆಟ್ಟ ನೋಡಿದೆವು. ನನಗೆ ಅದು ಕಾಣುತ್ತಿರಲಿಲ್ಲ.

ಹೆಂಗಸು ಸೈಕಲ್ಲು ತಳ್ಳಿಕೊಂಡು ಮೇಲೆ ಬಂದಳು. ಇನ್ನೊಂದು ಸುತ್ತು ಬಯ್ಯಲೆಂದೇ ಬಂದಿರಬೇಕು. ಗೋಡೆಯ ಮೇಲೆ ಕೂತ ನಮ್ಮಿಬ್ಬರನ್ನು ಕಂಡು ನಿಂತಳು.

"ಈಗ ಕಾರು ಓಡಿಸೋರು ಯಾರು?"

"ಯಾರೂ ಇಲ್ಲ" ಎಂದೆ. "ಇವರಿಗೆ ಬಲಗಣ್ಣಿಲ್ಲ. ನನಗೆ ಎರಡೂ ಇಲ್ಲ."

ಅವಳು ಆಕಾಶ ನೋಡಿ ಊರಿನ ಸಂತನನ್ನು ಹೆಸರು ಹಿಡಿದು ಕರೆದಳು. ಆಮೇಲೆ ಸೈಕಲ್ಲನ್ನು ಕಾರಿನ ಮೇಲೆ ಎತ್ತಿ ಕಟ್ಟಿದಳು, ನನ್ನ ಗಾಜನ್ನು ಹುಲ್ಲಿನಲ್ಲಿ ಹುಡುಕಿಕೊಟ್ಟಳು, ಚೀಸು ಮೆತ್ತಿದ ಕೈಯಲ್ಲೇ ಸ್ಟಿಯರಿಂಗ್ ಹಿಡಿದಳು. ಹೆಸರು ಪಾಲ್ಮೀರಾ. ನೋರ್ಚದ ಅವಳ ಮನೆಯ ಅಂಗಳದಲ್ಲಿ ಈಗ ನಮ್ಮ ಗುಡಾರವಿದೆ.

ಜುಲೈ 7, ಭಾನುವಾರ. ನೋರ್ಚ

ಪಾಲ್ಮೀರಾಳ ಭಾವಮೈದುನನದು ಕನ್ನಡಕದ ಅಂಗಡಿ. ಹತ್ತು ದಿನ ಎಂದ. ಅವಳು ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಮಂಗಳವಾರ ಎಂದ.

ಅತ್ತೆ ನಿನ್ನೆಯಿಂದ ಊಟ ಮಾಡಿರಲಿಲ್ಲ. ಇಂದು ಪಾಲ್ಮೀರಾ ಮಾಡಿದ ಬೇಳೆಯ ಸಾರಿನ ರುಚಿ ನೋಡಿ "ಇದಕ್ಕೆ ಯಾರಾದ್ರೂ ಇಷ್ಟು ಉಪ್ಪು ಹಾಕ್ತಾರಾ?" ಎಂದರು. ಪಾಲ್ಮೀರಾ ಚಮಚ ಎತ್ತಿದಳು. ಅರ್ಧ ಗಂಟೆ ಜಗಳ, ಎರಡು ಬಟ್ಟಲು ಊಟ. ನನಗೆ ನೆಮ್ಮದಿಯಾಯಿತು.

ಸಂಜೆ ಬಾರಿಗೆ ಹೋಗಿ ಒರ್ನೆಲ್ಲಾಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅತ್ತೆ ಫೋನು ಕಿತ್ತುಕೊಂಡರು.

"ಒರ್ನೆಲ್ಲಾ, ಏನೇ ನಿನ್ನ ಗಂಡ? ಬಂಡೆಗಲ್ಲು! ಕಾರು ಬಿಡಿ, ಕಾರು ಬಿಡಿ ಅಂತ ಎಂಟು ದಿನದಿಂದ ಒಂದೇ ರಾಗ. ತಲೆ ಕೆಟ್ಟುಹೋಯ್ತು. ಬಿಟ್ಟೆ ಕಣೇ. ಲೈಸೆನ್ಸ್ ಬೇಡ, ಏನೂ ಬೇಡ. ತಗೋ, ಅವನ ಹತ್ರಾನೇ ಮಾತಾಡು."

ಒರ್ನೆಲ್ಲಾಳ ದನಿ ಬಹಳ ಮೆತ್ತಗಿತ್ತು. "ತೊರ್ಕ್ವಾತೊ? ನೀನಾ? ನೀನೇ ಹೇಳಿದೆಯಾ?"

"ಹೂಂ" ಎಂದೆ. ಅತ್ತೆ ನನ್ನ ಕಾಲು ತುಳಿಯುತ್ತಿದ್ದರು. ಈ ಸಲ ಬೇಕೆಂದೇ.

ಹೊರಗೆ ಬಂದು ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ.

"ಕಣ್ಣು ಅಂದಿದ್ರೆ ಅಲ್ಲಿ ಪ್ಲಾಸ್ಟರ್ ಕಾಲು ಇಟ್ಕೊಂಡು ಒಬ್ಬಳೇ ಅಳ್ತಿದ್ಳು. ಅದನ್ನ ಎದುರಿಗೆ ಕೂತು ನಾನೇ ಹೇಳ್ತೀನಿ. ಇವತ್ತು ಗಂಡ ಗಟ್ಟಿಗ ಅಂತ ಸ್ವಲ್ಪ ಖುಷಿಯಾಗಿರ್ಲಿ ಬಿಡು."

ಜುಲೈ 9, ಮಂಗಳವಾರ. ಸ್ಪೊಲೇತೊ

ಹೊಸ ಕನ್ನಡಕ ಹಾಕಿಕೊಂಡಾಗ ಮೊದಲು ಕಂಡದ್ದು ಅತ್ತೆಯ ಮುಖ.

"ಏನು ಹಾಗೆ ನೋಡ್ತೀಯ?"

"ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕವರಾಗಿ ಕಾಣ್ತೀರಿ."

"ವಾಪಸ್ ಕೊಡು. ನಂಬರ್ ತಪ್ಪಿದೆ."

ಪಾಲ್ಮೀರಾ ಮಾಂಸದ ಸಾಸೇಜಿನ ಮಾಲೆಯೊಂದನ್ನು ಅತ್ತೆಯ ಕೊರಳಿಗೇ ಹಾಕಿ ಕಳಿಸಿದಳು. ಚೀಸಿನ ನಷ್ಟಕ್ಕೆ ನಾವು ಏನಾದರೂ ಕೊಡಬೇಕಿತ್ತು, ಅವಳೇ ಕೊಟ್ಟಳು. ನಾನು ಫಾನೊ ಕಡೆ ಹೊರಟಿದ್ದೆ. ಕವಲುದಾರಿಯಲ್ಲಿ ಅತ್ತೆ, "ಸ್ಪೊಲೇತೊದಲ್ಲಿ ಏನೋ ಸೇತುವೆ ಇದೆ ಅಂತಿದ್ದೆಯಲ್ಲ?" ಎಂದರು. ನಾನು ಆ ಕಡೆ ತಿರುಗಿಸಿದೆ.

ಹೊಳೆಯ ಗುಂಟ ಕಿರಿದಾದ ರಸ್ತೆ. ಕನ್ನಡಕ ಹೊಸದು, ಪಕ್ಕದಲ್ಲಿ ಅತ್ತೆ, ಮೊನ್ನೆಯ ಸೈಕಲ್ಲು ಇನ್ನೂ ಕಣ್ಣ ಮುಂದೆ. ನಾನು ಮೂವತ್ತರ ಮೇಲೆ ಹೋಗಲಿಲ್ಲ. ಹಿಂದೆ ಮರದ ದಿಮ್ಮಿ ತುಂಬಿದ ಲಾರಿ, ಅದರ ಹಿಂದೆ ಒಂದು ಬಸ್ಸು, ಅದರ ಹಿಂದೆ ಎಷ್ಟೋ. ಲಾರಿಯವನು ಹಾರ್ನ್ ಒತ್ತಿದ. ಬಿಡದೆ ಒತ್ತಿದ. ನನ್ನ ಕಿವಿ ಬಿಸಿಯಾಯಿತು. ಬದಿಗೆ ನಿಲ್ಲಿಸಿ ದಾರಿ ಬಿಡೋಣವೇ ಎಂದು ಅತ್ತೆಯನ್ನು ಕೇಳಿದೆ.

ಅವರು ಕಿಟಕಿಯ ಗಾಜು ಇಳಿಸುತ್ತಿದ್ದರು. ಸೊಂಟದವರೆಗೆ ಹೊರಗೆ ವಾಲಿ, ಕೊರಳಿನ ಸಾಸೇಜಿನ ಮಾಲೆ ಗಾಳಿಗೆ ಹಾರುತ್ತಿರುವಂತೆ, ಹಿಂದಕ್ಕೆ ಕೂಗಿದರು.

"ಏಯ್! ಯಾಕೋ ಬಡ್ಕೋತೀಯ? ಓಡಿಸ್ತಿರೋದು ನನ್ನ ಅಳಿಯ! ಅರ್ಜೆಂಟಿದ್ರೆ ಹಾರ್ಕೊಂಡು ಹೋಗು!"

ಲಾರಿಯವನು ನನ್ನ ಬಗ್ಗೆ ಏನೋ ಅಂದ. ಅತ್ತೆ ಅವನ ವಂಶದ ಬಗ್ಗೆ, ಮುತ್ತಾತನಿಂದ ಹಿಡಿದು ಕ್ರಮವಾಗಿ, ಉತ್ತರ ಕೊಡತೊಡಗಿದರು. ಹಾರ್ನ್ ನಿಂತಿತು.

ಕನ್ನಡಿಯಲ್ಲಿ ನೋಡಿದೆ. ಹಿಂದೆ ಹನ್ನೊಂದು ವಾಹನ. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸ್ಪೊಲೇತೊಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇತ್ತು.

ನಾನು ಇನ್ನೂ ಸ್ವಲ್ಪ ನಿಧಾನ ಮಾಡಿದೆ.